ಸೋಮವಾರದ ಬ್ಯಾಟರಿ

ಜೂನ್ 5, ಸೋಮವಾರ

ಸಮಸ್ತ ಮಹಾಜನರ ಅವಗಾಹನೆಗೆ ಈ ಮೂಲಕ ತರುವುದೇನೆಂದರೆ, ಇಂದು ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷಕ್ಕೆ ಸರಿಯಾಗಿ ನಮ್ಮ ಮನೆಯ ಕಾರು ಸ್ಟಾರ್ಟ್ ಆಗಲಿಲ್ಲ. ಕೀಲಿ ತಿರುಗಿಸಿದೆ, ‘ಟಿಕ್’ ಎಂದಿತು. ಮತ್ತೆ ತಿರುಗಿಸಿದೆ, ಮತ್ತೆ ‘ಟಿಕ್’. ಮೂರನೆಯ ಸಲ ಅದಕ್ಕೇ ನಾಚಿಕೆಯಾಗಿ ಸುಮ್ಮನಾಯಿತು.

ಸಮಸ್ತ ಮಹಾಜನರೆಂದರೆ ನಾನೊಬ್ಬನೇ. ಇದು ಅಕ್ಕನ ಡ್ರೈವಿಂಗ್ ಸ್ಕೂಲಿನ ಹಾಜರಿ ಪುಸ್ತಕ. ಮುಂದಿನ ಅರ್ಧದಲ್ಲಿ ಅವಳ ಶಿಷ್ಯರ ಹೆಸರು, ತಾರೀಖು, ಆ ದಿನದ ಪಾಠ, ಹತ್ತಕ್ಕೆ ಎಷ್ಟು ಅಂಕ. ಹಿಂದಿನ ಅರ್ಧ ಖಾಲಿ. ಸ್ಕೂಲು ಮುಚ್ಚಿ ವರ್ಷವಾದರೂ ಪುಸ್ತಕ ಮಾತ್ರ ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೇ ಉಳಿದಿತ್ತು. ಕೋರ್ಟಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಬೇರೆಯವರು ಹೇಳಿದ್ದನ್ನೇ ಟೈಪು ಮಾಡುತ್ತಾ ಬಂದವನಿಗೆ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ದಿನಕ್ಕೆ ನಾಲ್ಕು ಗಂಟೆ ಬಿಡುವು ಕೊಟ್ಟರೆ ಇನ್ನೇನಾದೀತು? ಬರೆಯುತ್ತಾನೆ.

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟು ಹದಿನಾಲ್ಕು ತಿಂಗಳು. ಸೋಮ, ಬುಧ, ಶುಕ್ರ ಡಯಾಲಿಸಿಸ್. ಬೆಳಿಗ್ಗೆ ಆರೂವರೆಗೆ ಹಾಜರಿರಬೇಕು. ತಡವಾದರೆ ಮಷೀನು ಮುಂದಿನವರಿಗೆ. ಮೊದಮೊದಲು ಅವಳೇ ಓಡಿಸಿಕೊಂಡು ಹೋಗಿ ಬರುತ್ತಿದ್ದಳು. ಮಾರ್ಚಿನಲ್ಲಿ ಬರುವಾಗ ನಡುರಸ್ತೆಯಲ್ಲಿ ಕಣ್ಣು ಕತ್ತಲೆ ಬಂತು. ಅಂದೇ ಕೀಲಿ ನನ್ನ ಕೈಗಿಟ್ಟಳು. ಊರಿಗೆಲ್ಲ ಡ್ರೈವಿಂಗ್ ಕಲಿಸಿದವಳ ತಮ್ಮ ಹೀಗೆ ಐವತ್ತೆರಡನೆಯ ವಯಸ್ಸಿನಲ್ಲಿ ಕ್ಲಚ್ ಯಾವುದೆಂದು ತಿಳಿದುಕೊಂಡ.

ಇವತ್ತು ಎದುರುಮನೆಯ ಟೈಲರ್ ಮತ್ತು ಅವನ ಇಬ್ಬರು ಹುಡುಗರು ತಳ್ಳಿದರು. ಅಕ್ಕ ಪಕ್ಕದ ಸೀಟಿನಲ್ಲಿ ಕೂತು ಆಜ್ಞೆ ಮಾಡಿದಳು. “ಎರಡನೇ ಗೇರು ಹಾಕು. ಕ್ಲಚ್ ಒತ್ತಿಕೊಂಡೇ ಇರು. ನಾನು ಹೇಳೋವರೆಗೂ ಬಿಡಬೇಡ. ಬಿಡಬೇಡ ಅಂದೆ. ಹಾಂ, ಈಗ ಬಿಡು.” ಕಾರು ಒಮ್ಮೆ ಬಿಕ್ಕಿ ಎದ್ದಿತು.

ಟೈಲರ್ ಉಸಿರು ಬಿಡುತ್ತಾ, “ಅಕ್ಕಾ, ನಿಮ್ಮ ತಮ್ಮನ್ನ ತಳ್ಳೋದಕ್ಕಿಂತ ಕಾರು ತಳ್ಳೋದೇ ಹಗುರ” ಎಂದ.

“ಐವತ್ತು ವರ್ಷದಿಂದ ತಳ್ತಾ ಇದ್ದೀನಿ, ನನಗೆ ಗೊತ್ತಿಲ್ವಾ” ಎಂದಳು ಅಕ್ಕ.

ಇಂದಿನ ಅಂಕ: ಹತ್ತಕ್ಕೆ ನಾಲ್ಕು.

ಜೂನ್ 7, ಬುಧವಾರ

ಆರೋಪಿಯ ಪರಿಚಯ ಮಾಡಿಕೊಡತಕ್ಕದ್ದು.

ಹೆಸರು: ಡಾಂಗಲ್. ಗಾತ್ರ: ಬೆಂಕಿಪೊಟ್ಟಣದಷ್ಟು. ವಾಸ: ಸ್ಟೀರಿಂಗಿನ ಕೆಳಗೆ, ಮೆಕ್ಯಾನಿಕ್‌ಗಳು ತಮ್ಮ ಮಷೀನು ಸಿಕ್ಕಿಸಿ ಕಾರಿನ ಕಾಯಿಲೆ ಪತ್ತೆಮಾಡುವ ತೂತಿನಲ್ಲಿ. ಉದ್ಯೋಗ: ಕಾರಿನ ಹೊಟ್ಟೆಯೊಳಗಿನ ಗುಟ್ಟನ್ನೆಲ್ಲ ವೈರಿಲ್ಲದೆ ಅಕ್ಕನ ಫೋನಿಗೆ ಊದುವುದು. ನಾನು ಎಲ್ಲಿ ಗಕ್ಕನೆ ಬ್ರೇಕ್ ಹಾಕಿದೆ, ಯಾವ ಗೇರಿನಲ್ಲಿ ಎಂಜಿನ್ನನ್ನು ಎಷ್ಟು ಗೋಳಾಡಿಸಿದೆ, ಎಲ್ಲ ಅವಳಿಗೆ ಗ್ರಾಫಿನಲ್ಲಿ ಕಾಣುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಇಳಿಯುವ ಮೊದಲು ಅಂಕ ಘೋಷಿಸುತ್ತಾಳೆ. ಮೇ ತಿಂಗಳಲ್ಲಿ ತನ್ನ ಹಳೇ ಶಿಷ್ಯನಾದ ಮೆಕ್ಯಾನಿಕ್‌ಗೆ ಹೇಳಿ ಹಾಕಿಸಿಕೊಂಡಳು.

ಇವತ್ತು ಆಸ್ಪತ್ರೆಯಿಂದ ಬರುವಾಗ ಅವನ ಗ್ಯಾರೇಜಿಗೆ ಹೋದೆವು. ಅವನು ಬಾನೆಟ್ ಎತ್ತಿ ನೋಡಿ, “ಬ್ಯಾಟರಿಗೆ ನಾಲ್ಕು ವರ್ಷ ಆಗಿದೆ ಸಾರ್. ಇಲ್ಲಾಂದ್ರೆ ಈ ಡಾಂಗಲ್ಲೇ ಕರೆಂಟ್ ಹೀರ್ತಿರಬಹುದು. ಕಾರು ನಿಂತಿದ್ರೂ ಆ ತೂತಿಗೆ ಸಪ್ಲೈ ಇದ್ದೇ ಇರುತ್ತೆ” ಎಂದ.

“ಹಾಗಾದರೆ ಕಿತ್ತುಬಿಡೋಣ” ಎಂದೆ.

“ಅದರ ಮೇಲೆ ಕೈಯಿಟ್ಟರೆ ನೋಡು” ಎಂದಳು ಅಕ್ಕ, ಕಾರಿನೊಳಗಿಂದ. “ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋ ಜಾತಿ ನೀನು. ಮೊದಲು ಸಾಕ್ಷಿ ತಾ, ಆಮೇಲೆ ಗಲ್ಲಿಗೇರಿಸು. ಕೋರ್ಟಿನಲ್ಲಿ ಅಷ್ಟೂ ಕಲಿಸಿಲ್ವಾ?”

ಮೆಕ್ಯಾನಿಕ್ ತಲೆ ತಗ್ಗಿಸಿ ನಕ್ಕ. ಅವನಿಗೂ ಆ ಪುಸ್ತಕದ ಮುಂದಿನ ಅರ್ಧದಲ್ಲಿ ಒಂದು ‘ಮೂರು’ ಇದೆ.

ಜೂನ್ 9, ಶುಕ್ರವಾರ

ಐದು ಅಂಕ. ಬಡ್ತಿ.

ಇವತ್ತು ಒಂದು ಸಂಗತಿ ಕಂಡೆ. ಸ್ಕೂಲಿದ್ದಾಗ ಈ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಪೆಡಲ್ ಇತ್ತು. ಕಲಿಯುವವನು ಗಾಬರಿಯಾದರೆ ಕಲಿಸುವವಳು ಒತ್ತಲಿಕ್ಕೆ. ಸ್ಕೂಲು ಮುಚ್ಚಿದಾಗ ಮೆಕ್ಯಾನಿಕ್ ಅದನ್ನು ಬಿಚ್ಚಿ, ತೂತಿನ ಮೇಲೆ ರಬ್ಬರಿನ ಚಾಪೆ ಹಾಕಿದ. ವೃತ್ತದ ಹತ್ತಿರ ಲಾರಿಯೊಂದು ಅಡ್ಡ ಬಂದಾಗ ನಾನು ಬ್ರೇಕ್ ಒತ್ತಿದೆ; ಓರೆಗಣ್ಣಿಗೆ ಅಕ್ಕನ ಕಾಲು ಕಂಡಿತು. ಅದೂ ಒತ್ತುತ್ತಿತ್ತು, ಬರೀ ಚಾಪೆಯನ್ನು. ಆ ಜಾಗದಲ್ಲಿ ರಬ್ಬರ್ ಸವೆದು ಹೊಳೆಯುತ್ತಿದೆ.

“ಏನಕ್ಕಾ, ಇಲ್ಲದ ಬ್ರೇಕು ಒತ್ತುತ್ತೀ?”

“ಇಪ್ಪತ್ತಾರು ವರ್ಷದ ಅಭ್ಯಾಸ ಕಣೋ. ನನ್ನ ಕಾಲಡಿ ಒಂದು ಬ್ರೇಕ್ ಇದೆ ಅಂದರೇ ನನಗೆ ಧೈರ್ಯ.”

ಜೂನ್ 12, ಸೋಮವಾರ

ಟಿಕ್.

ಟೈಲರ್ ಊರಲ್ಲಿಲ್ಲ. ಹಾಲಿನವನೂ ನಾನೂ ತಳ್ಳಿದೆವು; ಕಾರು ಗೇಟಿನವರೆಗೆ ಬಂದು ಅಲ್ಲೇ ಧ್ಯಾನಕ್ಕೆ ಕೂತಿತು. ಟ್ಯಾಕ್ಸಿಗೆ ಐದು ಸಲ ಫೋನು ಮಾಡಿದೆ. ಆರು ಗಂಟೆಗೆ ಯಾರೂ ಏಳುವುದಿಲ್ಲ. ಏಳೂ ಕಾಲಿಗೆ ಒಬ್ಬ ಸಿಕ್ಕುವಷ್ಟರಲ್ಲಿ ಆಸ್ಪತ್ರೆಯ ಸಿಸ್ಟರ್ ಫೋನಿನಲ್ಲಿ, “ಮಷೀನು ಬೇರೆಯವರಿಗೆ ಕೊಟ್ಟಾಯ್ತು. ಬುಧವಾರವೇ ಬನ್ನಿ. ನೀರು ಕಮ್ಮಿ ಕುಡಿಸಿ” ಎಂದರು.

ನಾನು ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತೆ. ಅಕ್ಕ ಮಾತ್ರ ಅಡುಗೆಮನೆಗೆ ಗೋಡೆ ಹಿಡಿದುಕೊಂಡು ಹೋಗಿ ತಾನೇ ಟೀ ಮಾಡಿಕೊಂಡಳು. ಅರ್ಧ ಲೋಟದ ನಿಯಮ ಮುರಿದು ಪೂರ್ತಿ ಲೋಟ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಕಾಲು ಚಾಚಿ ಕೂತು, ಬಿಸಿಲು ಬರುವವರೆಗೂ ನಿಧಾನವಾಗಿ ಕುಡಿದಳು. “ಹೋಗ್ಲಿ ಬಿಡೋ. ಒಂದು ಸೋಮವಾರ ತಾನೇ” ಎಂದು ನನಗೇ ಸಮಾಧಾನ ಹೇಳಿದಳು.

ಎಂಥ ಧೈರ್ಯಸ್ಥೆ. ನನ್ನ ಮುಖ ನೋಡಿ ತನ್ನ ಸಂಕಟ ಮುಚ್ಚಿಟ್ಟುಕೊಂಡಳು.

ಜೂನ್ 14, ಬುಧವಾರ

ನಿನ್ನೆ ಸಂಜೆಯಿಂದ ಉಸಿರಾಟ ಕಷ್ಟ. ಮಲಗಲಾರಳು, ಕೂರಲಾರಳು. ಮೆಕ್ಯಾನಿಕ್ ಬ್ಯಾಟರಿ ಚಾರ್ಜು ಮಾಡಿ ಕೊಟ್ಟಿದ್ದ. ಇವತ್ತು ಕಾರು ಒಂದೇ ಸಲಕ್ಕೆ ಎದ್ದಿತು. ಮೈಯಿಂದ ನಾಲ್ಕು ಲೀಟರ್ ನೀರು ತೆಗೆದರು. ಕಾಲು ಸೆಳೆತ ಹಿಡಿದು ಚೀರಿದ್ದು ವರಾಂಡಕ್ಕೆ ಕೇಳಿತು. ಸಿಸ್ಟರ್ ಹೊರಗೆ ಬಂದು, “ಒಂದು ಗಾಡಿ ಸರಿಯಾಗಿ ಇಟ್ಟುಕೊಳ್ಳೋಕಾಗಲ್ವಾ ನಿಮಗೆ?” ಎಂದರು.

ಆಗಲಿಲ್ಲ. ತಪ್ಪಾಯಿತು.

ಇನ್ನೊಂದು ಸಲ ಹೀಗಾಗಕೂಡದು.

ಜೂನ್ 16, ಶುಕ್ರವಾರ

ವಿಚಾರಣೆ ನಡೆಯಿತು. ಸ್ಥಳ: ಆಸ್ಪತ್ರೆಯ ಪಾರ್ಕಿಂಗ್, ಬೇಲಿ ಪಕ್ಕದ ಮೂಲೆ. ಸಮಯ: ಅಕ್ಕ ಒಳಗೆ ಮಷೀನಿಗೆ ಸೇರಿದ ಮೇಲೆ.

ಮೆಕ್ಯಾನಿಕ್ ತನ್ನ ಮೀಟರು ಕೊಟ್ಟು ವಿಧಾನ ಹೇಳಿಕೊಟ್ಟಿದ್ದ. ಬ್ಯಾಟರಿಯ ಮೈನಸ್ ವೈರು ಬಿಚ್ಚಿ, ವೈರಿಗೂ ಬ್ಯಾಟರಿಗೂ ನಡುವೆ ಮೀಟರು ಸೇರಿಸಬೇಕು. ಆಗ ನಿಂತ ಕಾರು ಎಷ್ಟು ಕರೆಂಟ್ ಕುಡಿಯುತ್ತಿದೆ ಅಂತ ಕಾಣುತ್ತದೆ. ಆದರೆ ಕೂಡಲೇ ಓದಬಾರದು. “ಈಗಿನ ಕಾರು ಕೂಸಿದ್ದ ಹಾಗೆ ಸಾರ್. ಡೋರ್ ಮುಚ್ಚಿ ಅರ್ಧ ಗಂಟೆ ಬೇಕು ಮಲಗೋಕೆ. ನಡುವೆ ಡೋರ್ ತೆಗೆದರೆ ಮತ್ತೆ ಎದ್ದು ಕೂತುಕೊಳ್ಳುತ್ತೆ.” ಹಾಗಾಗಿ ಅರ್ಧ ಗಂಟೆ ಕಾರಿಗೆ ಬೆನ್ನು ಹಾಕಿ, ಉಸಿರೂ ಜೋರಾಗಿ ಬಿಡದೆ ನಿಂತಿದ್ದೆ. ಪಾರ್ಕಿಂಗಿನ ಕಾವಲುಗಾರ ಬಂದು, “ಏನ್ ಸಾರ್, ಬೇಜಾರಾ?” ಎಂದು ಪಿಸುಗುಟ್ಟಿದ. “ಶ್, ಮಲಗ್ತಾ ಇದೆ” ಎಂದೆ. ಅವನು ಆಮೇಲೆ ದೂರದಿಂದಲೇ ನನ್ನ ಮೇಲೆ ಕಣ್ಣಿಟ್ಟ.

ಡಾಂಗಲ್ ಇದ್ದಾಗ: ಆಂಪಿಯರಿನ ನೂರರಲ್ಲಿ ಐದು ಭಾಗ. ಕಿತ್ತು, ಮತ್ತೆ ಮಲಗಿಸಿ ನೋಡಿದಾಗ: ನೂರರಲ್ಲಿ ಎರಡು. ಅಂದರೆ ಆರೋಪಿ ಕದ್ದದ್ದು ನೂರರಲ್ಲಿ ಮೂರು ಭಾಗ. ಈ ವೇಗದಲ್ಲಿ ಕದ್ದರೆ ಬ್ಯಾಟರಿ ಖಾಲಿಯಾಗಲು ತಿಂಗಳೇ ಬೇಕು ಎಂದು ಮೆಕ್ಯಾನಿಕ್ ಫೋನಿನಲ್ಲಿ ಹೇಳಿದ. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವವರು ಹೆದರಬೇಕು; ವಾರಕ್ಕೆ ಮೂರು ಸಲ ಓಡಿಸುವವರಲ್ಲ.

ಸಾಕ್ಷ್ಯಾಧಾರಗಳ ಕೊರತೆಯಿಂದ ಆರೋಪಿಯ ಬಿಡುಗಡೆ. ಮತ್ತೆ ಅದರ ತೂತಿಗೇ ಸಿಕ್ಕಿಸಿದೆ.

ಮಧ್ಯಾಹ್ನ ಅಕ್ಕನಿಗೆ ತೀರ್ಪು ಓದಿ ಹೇಳಿದೆ. “ನಾನು ಹೇಳಲಿಲ್ವಾ?” ಎಂದಳು. ಆದರೆ ಗೆದ್ದವಳ ದನಿಯಲ್ಲಿ ಹೇಳಲಿಲ್ಲ. ದಣಿದಿದ್ದಳು.

ಆರು ಅಂಕ.

ಜೂನ್ 19, ಸೋಮವಾರ

ಟಿಕ್. ಈ ಸಲ ಟ್ಯಾಕ್ಸಿಯವನಿಗೆ ಮೊದಲೇ ಹೇಳಿಟ್ಟಿದ್ದೆ. ಹತ್ತು ನಿಮಿಷ ತಡವಾದರೂ ಮಷೀನು ಸಿಕ್ಕಿತು. ಬರುವಾಗ ಅಕ್ಕ ಕಿಟಕಿಗೆ ತಲೆಯಾನಿಸಿ ಕೂತಳು. ಟ್ಯಾಕ್ಸಿಯವನು ಗೇರನ್ನು ಕೆರೆದಾಗಲೂ ಸುಮ್ಮನಿದ್ದಳು. ಅದನ್ನು ಕೇಳಿಸಿಕೊಂಡು ಅಕ್ಕ ಸುಮ್ಮನಿದ್ದದ್ದು ಇದೇ ಮೊದಲು.

ಹಳೆಯ ಬ್ಯಾಟರಿಯೇ ಅಪರಾಧಿ. ನಾಳೆ ಹೊಸದು.

ಜೂನ್ 26, ಸೋಮವಾರ

ಹೊಸ ಬ್ಯಾಟರಿ ಬಂದು ಮೊದಲ ಸೋಮವಾರ. ಕೀಲಿ ತಿರುಗಿಸುವ ಮುಂಚೆ ಕಣ್ಣು ಮುಚ್ಚಿದ್ದೆ. ಎದ್ದಿತು. ಕೊಂಚ ಗೊಣಗಿ ಎದ್ದಿತು, ಆದರೆ ಎದ್ದಿತು. ನಾನು ಸ್ಟೀರಿಂಗಿಗೆ ಮುತ್ತು ಕೊಟ್ಟೆ.

“ಅದಕ್ಕೆ ಕೊಡು, ನನಗೆ ಬೇಡ” ಎಂದಳು ಅಕ್ಕ.

ಏಳು ಅಂಕ. ವೃತ್ತದಲ್ಲಿ ನಾನು ಯಾವ ಗೇರಿನಲ್ಲಿದ್ದೆ ಎಂಬುದೇ ನೆನಪಿಲ್ಲ. ಕೈ ತಾನೇ ಹಾಕಿರಬೇಕು.

ಮನೆಯಲ್ಲಿ ಅಕ್ಕನ ಫೋನು ಯಾವಾಗಲೂ ಕಿಟಕಿಯ ಕಟ್ಟೆಯ ಮೇಲೆ, ಚಾರ್ಜರಿಗೆ ಸಿಕ್ಕಿಸಿಕೊಂಡೇ ಇರುತ್ತದೆ. ಮುಟ್ಟಿದರೆ ದೋಸೆಕಾವಲಿ. “ಏನು ನೋಡ್ತೀಯಕ್ಕಾ ಇಷ್ಟೊಂದು?” ಎಂದರೆ, “ಹಾಡು ಕೇಳ್ತೀನಿ” ಎನ್ನುತ್ತಾಳೆ. ಹಾಡು ನನಗೆ ಕೇಳಿಸಿದ್ದಿಲ್ಲ. ವಯಸ್ಸಾಯಿತು, ನನ್ನ ಕಿವಿಯನ್ನೂ ಒಮ್ಮೆ ತೋರಿಸಬೇಕು.

ಜುಲೈ 3, ಸೋಮವಾರ

ಹೊಸ ಬ್ಯಾಟರಿ. ಟಿಕ್ ಕೂಡ ಇಲ್ಲ. ಡ್ಯಾಶ್‌ಬೋರ್ಡಿನ ಒಂದು ದೀಪವೂ ಹತ್ತಲಿಲ್ಲ.

ಹೋದ ಸೋಮವಾರದ ಧೈರ್ಯದಲ್ಲಿ ಟ್ಯಾಕ್ಸಿಗೆ ಹೇಳಿರಲಿಲ್ಲ. ಅದು ಬರುವಷ್ಟರಲ್ಲಿ ಏಳು ಗಂಟೆ. ಸಿಸ್ಟರ್‌ಗೆ ಕೈ ಮುಗಿದೆ. ಎರಡೂವರೆ ಗಂಟೆ ಕೊಟ್ಟರು, ನಾಲ್ಕರ ಬದಲು.

ಬುಧ, ಶುಕ್ರ ಸರಿಯಾಗಿರುತ್ತದೆ. ಸೋಮವಾರವೇ ಸಾಯುತ್ತದೆ. ವಾರ ನೋಡಿ ಕೆಡುವ ಬ್ಯಾಟರಿಯನ್ನು ಯಾವ ಕಂಪನಿ ಮಾಡುತ್ತದೋ.

ಜುಲೈ 4, ಮಂಗಳವಾರ

ಮೆಕ್ಯಾನಿಕ್ ಮಧ್ಯಾಹ್ನ ಮನೆಗೇ ಬಂದ; ನಾನು ಅರ್ಧ ದಿನ ರಜೆ ಹಾಕಿದ್ದೆ. ಕಾರು ನಿಲ್ಲುವುದು ಅಕ್ಕನ ಕಿಟಕಿಯ ಹೊರಗೆ, ಹತ್ತು ಹೆಜ್ಜೆ ಆಚೆ. ಬ್ಯಾಟರಿ ಚಾರ್ಜು ಮಾಡಿ ತಂದಿದ್ದ. ಮೀಟರು ಸೇರಿಸಿ, ಡೋರ್ ಮುಚ್ಚಿ, ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾದೆವು. ಅರ್ಧ ಗಂಟೆಯಾಯಿತು. ಮುಕ್ಕಾಲು ಗಂಟೆಯಾಯಿತು. ಮೀಟರು ಎರಡೂವರೆ ಆಂಪಿಯರಿನಿಂದ ಕೆಳಗೆ ಇಳಿಯಲೇ ಇಲ್ಲ. ಪಾರ್ಕಿಂಗಿನಲ್ಲಿ ನಾನು ನೋಡಿದ್ದರ ಐವತ್ತು ಪಟ್ಟು.

“ಇದು ಮಲಗ್ತಾನೇ ಇಲ್ಲ ಸಾರ್” ಎಂದ. “ಡಾಂಗಲ್ ಸುಮ್ಮನೆ ಕೂತಿದ್ದರೆ ಏನೂ ಕುಡಿಯಲ್ಲ. ಆದರೆ ಆಕಡೆಯಿಂದ ಯಾರಾದರೂ ಫೋನಿನಲ್ಲಿ ಆಪ್ ತೆರೆದಿಟ್ಟುಕೊಂಡು ಮಾತಾಡಿಸ್ತಾ ಇದ್ದರೆ, ಅದು ಕಾರಿನ ಒಳಗಿರೋ ಎಲ್ಲರನ್ನೂ ಎಬ್ಬಿಸಿ ಕೇಳ್ತಾನೇ ಇರುತ್ತೆ. ಎಂಜಿನ್ ಹೇಗಿದೆ, ಬ್ರೇಕ್ ಹೇಗಿದೆ ಅಂತ. ಶುಕ್ರವಾರದಿಂದ ಸೋಮವಾರದವರೆಗೆ ಹೀಗೇ ಎಚ್ಚರ ಇಟ್ಟರೆ ಹೊಸದೇನು, ಯಾವ ಬ್ಯಾಟರಿ ಆದರೂ…”

ಮಾತು ನಿಲ್ಲಿಸಿದ. ಇಬ್ಬರೂ ಕಿಟಕಿ ನೋಡಿದೆವು. ಕಟ್ಟೆಯ ಮೇಲೆ ಫೋನು. ಹಿಂದೆ ಅಕ್ಕನ ಬೆನ್ನು. ಗೋಡೆ ಕಡೆ ತಿರುಗಿ ಮಲಗಿದ್ದಳು.

“ಮೇಡಂ ಗೊತ್ತಿಲ್ಲದೆ ತೆರೆದಿಟ್ಟಿರ್ತಾರೆ” ಎಂದ ಅವನು, ತುಂಬ ಮೆಲ್ಲಗೆ.

“ಹೌದು, ಗೊತ್ತಿಲ್ಲದೆ” ಎಂದೆ.

ಕಾರಿನ ಬಗ್ಗೆ ಅಕ್ಕನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲವೆಂದು ನಮ್ಮಿಬ್ಬರಿಗೂ ಗೊತ್ತು. ಅವನು ಸಲಕರಣೆ ಕಟ್ಟಿಕೊಂಡು ಹೋದ. ನಾನು ಡಾಂಗಲ್ ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡೆ.

ಜುಲೈ 5, ಬುಧವಾರ

ಕಾರು ಮುಟ್ಟಿದ ಕೂಡಲೇ ಎದ್ದಿತು. ದಾರಿಯುದ್ದಕ್ಕೂ ಒಂದು ಕುಲುಕಾಟ ಇಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿ ಕೇಳಿದೆ, “ಎಷ್ಟು?”

“ಅದನ್ನ ಕಿತ್ತಿದ್ದೀಯಲ್ಲ. ಹೇಗೆ ಹೇಳಲಿ?” ಎಂದಳು.

ಒಂಬತ್ತು ಗಂಟೆಗೆ ಸಿಸ್ಟರ್ ಓಡಿ ಬಂದು ಒಳಗೆ ಕರೆದರು. ಮಾರ್ಚಿನಿಂದ ಇಲ್ಲಿಯವರೆಗೆ ನಾನು ಆ ಕೋಣೆಯೊಳಗೆ ಹೋದವನಲ್ಲ. ಬಾಗಿಲಲ್ಲಿ ಬಿಟ್ಟು ಪಾರ್ಕಿಂಗಿಗೆ ಬಂದುಬಿಡುತ್ತಿದ್ದೆ. ಬಿಪಿ ಇಳಿದುಹೋಗಿತ್ತು. ಮುಖ ಬೂದಿ. ತೋಳಿನಲ್ಲಿ ಎರಡು ದಪ್ಪ ಸೂಜಿ, ಸುತ್ತ ಹಳೆಯ ಸೂಜಿಗಳ ಗಂಟು ಗಂಟು ಗುರುತು, ಮೊಣಕೈಯಿಂದ ಹೆಗಲವರೆಗೆ. ಕಾಲು ಸೆಳೆತ ಹಿಡಿದು ಕಲ್ಲಾಗಿತ್ತು. ಹಿಡಿದುಕೊಳ್ಳಿ ಎಂದರು. ಹಿಡಿದುಕೊಂಡೆ.

ಅವಳ ಇನ್ನೊಂದು ಕಾಲು ಮಂಚದ ತುದಿಯ ಕಬ್ಬಿಣವನ್ನು ಒತ್ತುತ್ತಿತ್ತು. ಒತ್ತಿ, ಬಿಟ್ಟು, ಮತ್ತೆ ಜೋರಾಗಿ ಒತ್ತಿ.

ನಾನು ಇದನ್ನು ಸೆಳೆತವೆಂದು ಬರೆಯಬಹುದಿತ್ತು.

ಜುಲೈ 6, ಗುರುವಾರ

ಕೋರ್ಟಿಗೆ ರಜೆ ಹಾಕಿದೆ. ಡಾಂಗಲ್ಲನ್ನು ಅವಳ ಹಾಸಿಗೆಯ ಮೇಲೆ ಇಟ್ಟು, ಕುರ್ಚಿ ಎಳೆದು ಕೂತೆ.

“ಯಾವತ್ತಿಂದ?” ಎಂದೆ.

“ಮೊದಲನೇದು ಬೇಕಂತ ಮಾಡಿದ್ದಲ್ಲ. ನಿನ್ನ ಗ್ರಾಫು ನೋಡ್ತಾ ನೋಡ್ತಾ ಹಾಗೇ ನಿದ್ದೆ ಹೋಗಿದ್ದೆ. ಬೆಳಿಗ್ಗೆ ಅದು ಟಿಕ್ ಅಂದಿತಲ್ಲ, ಆಗ…” ಡಾಂಗಲ್ಲನ್ನು ಬೆರಳಿನಿಂದ ತಿರುಗಿಸಿದಳು. “ಆಗ ನನಗೆ ಎಷ್ಟು ಹಗುರ ಆಯ್ತು ಗೊತ್ತಾ. ನೀವೆಲ್ಲ ಸೇರಿ ತಳ್ಳಿ ಸ್ಟಾರ್ಟ್ ಮಾಡಿಬಿಟ್ರಿ.”

“ಹೇಳಬಾರದಿತ್ತಾ?”

“ಏನಂತ? ಸಾಕು ಅಂತ? ನೀನು ಮಾರ್ಚಲ್ಲಿ ಕ್ಲಚ್ ಹಿಡಿದವನು. ಬೆಳಿಗ್ಗೆ ನಾಲ್ಕೂವರೆಗೇ ಎದ್ದು ಕನ್ನಡಕ ಒರೆಸಿಕೊಂಡು ಕಾರಿನ ಸುತ್ತ ಪ್ರದಕ್ಷಿಣೆ ಹಾಕ್ತೀಯ. ನಿನ್ನ ಮುಖ ನೋಡಿ ಸಾಕು ಅನ್ನೋಕೆ ಬಾಯಿ ಬರಲಿಲ್ಲ. ಕಾರು ಕೆಟ್ಟರೆ ನಿನ್ನದೂ ತಪ್ಪಲ್ಲ, ನನ್ನದೂ ತಪ್ಪಲ್ಲ.”

“ನನ್ನದೇ ತಪ್ಪು ಅಂದುಕೊಂಡಿದ್ದೆ. ಸಿಸ್ಟರ್ ಹತ್ತಿರ ಬೈಸಿಕೊಂಡೆ.”

“ಗೊತ್ತು” ಎಂದಳು. ಆಮೇಲೆ, “ಅದೊಂದು ತಪ್ಪಾಯ್ತು ನನ್ನದು. ಕ್ಷಮಿಸು” ಎಂದಳು. ಐವತ್ತೆರಡು ವರ್ಷದಲ್ಲಿ ಆ ಪದವನ್ನು ಅವಳ ಬಾಯಲ್ಲಿ ಕೇಳಿರಲಿಲ್ಲ. ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು.

ಡಾಂಗಲ್ಲನ್ನು ನನ್ನ ಕಡೆ ಸರಿಸಿ ಹೇಳಿದಳು: “ಯಾವ ದಡ್ಡ ಸ್ಟೀರಿಂಗ್ ಹಿಡಿದರೂ ನಾನು ಹೆದರಲಿಲ್ಲ. ಯಾಕೆ? ಬೇಕಾದಾಗ ನಿಲ್ಲಿಸಬಹುದಿತ್ತು. ಈಗ ಆ ಬ್ರೇಕ್ ಎಲ್ಲಿದೆ ಹೇಳು? ಚುಚ್ಚೋರು ಚುಚ್ಚುತ್ತಾರೆ, ತೂಕ ಮಾಡೋರು ಮಾಡುತ್ತಾರೆ, ನೀನು ಕರಕೊಂಡು ಹೋಗ್ತೀಯ, ಕರಕೊಂಡು ಬರ್ತೀಯ. ನನ್ನ ಕಾಲಡಿ ಏನಿದೆ?”

ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. “ನಾಳೆ ಡಾಕ್ಟರಮ್ಮನ ಹತ್ತಿರ ಮಾತಾಡೋಣ. ನೀನೇ ಹೇಳು. ನಾನು ಪಕ್ಕದಲ್ಲಿರ್ತೀನಿ” ಎಂದೆ.

“ಮಧ್ಯೆ ಬಾಯಿ ಹಾಕಬಾರದು.”

“ಹಾಕಲ್ಲ.”

“ಅಳಬಾರದು.”

ಅದಕ್ಕೆ ನಾನು ಮಾತು ಕೊಡಲಿಲ್ಲ.

ಜುಲೈ 7, ಶುಕ್ರವಾರ

ಡಯಾಲಿಸಿಸ್ ಮುಗಿದ ಮೇಲೆ ಡಾಕ್ಟರಮ್ಮ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಕೂತರು. ಮೊದಲು ಅಕ್ಕನಿಗೆ ಮನಸ್ಸು ಕುಗ್ಗಿದೆಯೇ ಎಂದು ತಿರುಗಿಸಿ ತಿರುಗಿಸಿ ಕೇಳಿದರು. ಔಷಧಿ ಬದಲಿಸಬಹುದು, ಹೊತ್ತು ಬದಲಿಸಬಹುದು ಎಂದರು. ಅಕ್ಕ ಎಲ್ಲವನ್ನೂ ಕೇಳಿ, “ಅಮ್ಮಾ, ನನಗೆ ಬೇಜಾರಾಗಿ ಹೇಳ್ತಿಲ್ಲ. ಸಾಕಾಗಿ ಹೇಳ್ತಿದೀನಿ” ಎಂದಳು.

ಆಮೇಲೆ ಅವರು ನಿಲ್ಲಿಸಿದರೆ ಏನಾಗುತ್ತದೆಂದು ಹೇಳಿದರು. ಒಂದು ವಾರ, ಹತ್ತು ದಿನ. ನಿದ್ದೆ ಹೆಚ್ಚಾಗುತ್ತದೆ. ಉಸಿರು ಕಷ್ಟವಾಗದ ಹಾಗೆ ಔಷಧಿ ಕೊಡುತ್ತಾರೆ, ಮನೆಗೇ ನರ್ಸನ್ನು ಕಳಿಸುತ್ತಾರೆ. ಯಾವ ಘಳಿಗೆಯಲ್ಲಿ ಮನಸ್ಸು ಬದಲಾದರೂ ಒಂದು ಫೋನು ಮಾಡಿದರೆ ಸಾಕು, ಮಷೀನು ಇದ್ದೇ ಇರುತ್ತದೆ. “ಭಾನುವಾರದವರೆಗೆ ಯೋಚನೆ ಮಾಡಿ” ಎಂದರು.

ನಾನು ಬಾಯಿ ಹಾಕಲಿಲ್ಲ. ಇನ್ನೊಂದು ಷರತ್ತು ಪಾಲಿಸಲಾಗಲಿಲ್ಲ.

ಬರುವಾಗ ಮನೆಯ ತಿರುವಿನಲ್ಲಿ ತಿರುಗದೆ ನೇರ ಹೋದೆ. ಅವಳು ಶಿಷ್ಯರಿಗೆ ರಿವರ್ಸ್ ಕಲಿಸುತ್ತಿದ್ದ ಬಯಲಿಗೆ. ಕಲ್ಲುಗಳ ನಡುವೆ ಎಂಟರ ಆಕಾರದಲ್ಲಿ ಮೂರು ಸುತ್ತು ಹಿಂದಕ್ಕೆ ಬಿಟ್ಟೆ, ಒಂದು ಕಲ್ಲೂ ಮುಟ್ಟದೆ. ಅವಳ ಕಾಲಿನ ಕಡೆ ನೋಡಿದೆ. ಎರಡೂ ಸುಮ್ಮನೆ ಮಡಚಿಕೊಂಡಿದ್ದವು.

“ಒಂಬತ್ತು” ಎಂದಳು.

“ಇನ್ನೊಂದು ಯಾವುದಕ್ಕೆ ಹೋಯ್ತು?”

“ಹತ್ತು ಕೊಟ್ಟರೆ ಕಲಿಯೋದು ನಿಲ್ಲಿಸಿಬಿಡ್ತಾರೆ. ಯಾರಿಗೂ ಕೊಟ್ಟಿಲ್ಲ. ಬೇಕಾದರೆ ಪುಸ್ತಕ ತೆಗೆದು ನೋಡು.”

ನೋಡಿದೆ. ನಿಜ.

ಜುಲೈ 9, ಭಾನುವಾರ

ಬೆಳಿಗ್ಗೆ ಅವಳನ್ನು ಕೇಳಿದೆ. ಅದೇ ಉತ್ತರ. ಮಧ್ಯಾಹ್ನ ಇನ್ನೊಮ್ಮೆ ಕೇಳಿದೆ. “ನಿನ್ನ ಕಿವಿ ತೋರಿಸಬೇಕು” ಎಂದಳು. ಡಾಕ್ಟರಮ್ಮನಿಗೆ ಫೋನು ಮಾಡಿ ತಿಳಿಸಿದೆ. ಆಮೇಲೆ ಕಾರಿನ ಹತ್ತಿರ ಹೋಗಿ, ಬಗ್ಗಿ, ಡಾಂಗಲ್ಲನ್ನು ಅದರ ತೂತಿಗೆ ಸಿಕ್ಕಿಸಿದೆ. ನೀಲಿ ದೀಪ ಹತ್ತಿತು. ಒಳಗಿನ ಲೈಟನ್ನೂ ಹಾಕಿಟ್ಟೆ. ಕೆಲಸ ಅರ್ಧಕ್ಕೆ ನಿಲ್ಲಬಾರದು. ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಚಾರ್ಜರಿಗೆ ಹಾಕಿ, ಆಪ್ ತೆರೆದಿಟ್ಟೆ.

ಅವಳು ನೋಡುತ್ತಿದ್ದಳು. ಫೋನನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

ಜುಲೈ 10, ಸೋಮವಾರ

ಐದು ಐವತ್ತಕ್ಕೆ ಕೀಲಿ ತಿರುಗಿಸಿದೆ.

ಟಿಕ್.

ಒಳಗೆ ಹೋಗಿ ಬಾಗಿಲಲ್ಲಿ ನಿಂತು, “ಅಕ್ಕಾ, ಕಾರು ಸ್ಟಾರ್ಟ್ ಆಗ್ತಿಲ್ಲ” ಎಂದೆ.

“ಅಯ್ಯೋ, ಹೌದಾ?” ಎಂದಳು. “ಹೋಗ್ಲಿ ಬಿಡು. ಟೀ ಮಾಡು. ಪೂರ್ತಿ ಲೋಟ.”

ಎರಡು ಲೋಟ ಮಾಡಿದೆ. ಬಿಸಿಲು ಬರುವವರೆಗೆ ಕುಡಿದೆವು.

ಜುಲೈ 13, ಗುರುವಾರ

ಟೈಲರ್ ಬಂದು ಅವಳ ನಿಲುವಂಗಿ ಸಡಿಲ ಮಾಡಿಕೊಟ್ಟ; ಕೈ ಊದಿದೆ. ಮೆಕ್ಯಾನಿಕ್ ಬಂದು ಮಂಚದ ಪಕ್ಕ ನಿಂತ. “ನಿನಗೆ ಮೂರು ಕೊಟ್ಟಿದ್ದು ಜಾಸ್ತಿ ಆಯ್ತು” ಎಂದಳು ಅವನಿಗೆ. ಅವನು ನಗುತ್ತಲೇ ಹೊರಗೆ ಹೋಗಿ, ಕಾರಿನ ಬಾನೆಟ್ ಎತ್ತಿ, ಸುಮಾರು ಹೊತ್ತು ತಲೆ ಒಳಗೆ ಹಾಕಿಕೊಂಡು ನಿಂತಿದ್ದ. ಅಲ್ಲಿ ಸರಿಮಾಡುವಂಥದ್ದು ಏನೂ ಇರಲಿಲ್ಲ.

ಜುಲೈ 15, ಶನಿವಾರ

ನಿದ್ದೆ. ನಡುವೆ ಒಮ್ಮೆ, “ಬಿಡು… ಈಗ ಬಿಡು” ಎಂದಳು. ಕ್ಲಚ್ಚಿನದು.

ಜುಲೈ 17, ಸೋಮವಾರ

ಬೆಳಿಗ್ಗೆ ಆರು ಇಪ್ಪತ್ತು.

ಜುಲೈ 30, ಭಾನುವಾರ

ಮೆಕ್ಯಾನಿಕ್ ಡ್ರೈವಿಂಗ್ ಸ್ಕೂಲು ಶುರು ಮಾಡುತ್ತಾನಂತೆ. ಕಾರು ತೆಗೆದುಕೊಂಡು ಹೋಗು ಎಂದೆ. ಪಕ್ಕದ ಬ್ರೇಕ್ ಪೆಡಲ್ಲನ್ನು ಅವನು ಎಸೆದಿರಲಿಲ್ಲ, ಗ್ಯಾರೇಜಿನ ಮೊಳೆಗೆ ನೇತುಹಾಕಿದ್ದ. ಮತ್ತೆ ಕೂರಿಸುತ್ತಾನೆ. ಬ್ಯಾಟರಿಯನ್ನು ಚಾರ್ಜು ಮಾಡಿಕೊಟ್ಟಿದ್ದಾನೆ. ಕಾರು ಹೋಗುವುದು ಮುಂದಿನ ತಿಂಗಳು; ಅಲ್ಲಿಯವರೆಗೆ ಇಲ್ಲೇ, ಕಿಟಕಿಯ ಹೊರಗೆ.

ಈ ಪುಸ್ತಕವನ್ನು ತೆಗೆದ ಜಾಗದಲ್ಲೇ ಇಡುತ್ತೇನೆ. ನನಗೆಂದೇ ಬರೆದದ್ದು. ಆದರೂ ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಅಂದಮೇಲೆ ಯಾರಾದರೂ ಕೈ ಹಾಕುತ್ತಾರೆ. ಹಾಕಿದವರು ಯಾರೇ ಆಗಿರಲಿ, ಟೈಲರೇ, ಹಾಲಿನವನೇ, ಮುಂದೆ ಕಲಿಯಲು ಬರುವವರೇ, ಒಂದು ಸಣ್ಣ ಉಪಕಾರ ಮಾಡಬೇಕು. ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆಯಾದರೆ ಒಳ್ಳೆಯದು, ಇದನ್ನು ಇಪ್ಪತ್ತು ನಿಮಿಷ ಓಡಿಸಿ ತನ್ನಿ. ನಿಂತಲ್ಲೇ 'ಗುರ್' ಅನ್ನಿಸಿ ಬಿಟ್ಟರೆ ಬ್ಯಾಟರಿ ತುಂಬುವುದಿಲ್ಲ. ಡಾಂಗಲ್ ಅಲ್ಲೇ ಇದೆ; ಇರಲಿ, ಅದರ ಪಾಡಿಗೆ ಅದನ್ನು ಬಿಟ್ಟರೆ ಏನೂ ಮಾಡುವುದಿಲ್ಲ. ನಾನೇ ಓಡಿಸಬಹುದಿತ್ತು. ಆದರೆ ಪಕ್ಕದ ಸೀಟಿನ ಕಡೆ ನೋಡದೆ ಗೇರು ಬದಲಿಸುವುದು ನನಗಿನ್ನೂ ಬಂದಿಲ್ಲ. ಕೀಲಿ ಮನೆಬಾಗಿಲ ಹಿಂದಿನ ಮೊಳೆಯಲ್ಲಿದೆ. ಕ್ಲಚ್ ಪೂರ್ತಿ ಒತ್ತಿ ಸ್ಟಾರ್ಟ್ ಮಾಡಿ.